ತೋಳಬಂದಿ ಗಂಟು

ದೇವಳಾಲಿ ಕ್ಯಾಂಪ್
೧೧ ನವೆಂಬರ್ ೨೦೨೪

ಅಕ್ಕಾ, ಶರಣು.

ಮೂರನೇ ಗಂಟೆ ಹೊಡೆದಾಯಿತು, ಪರದೆ ಮೇಲೇಳುತ್ತಿದೆ. ಕನ್ನಡಕ ಮೂಗಿಗೇರಿಸಿ ಸರಿಯಾಗಿ ಕುಳಿತುಕೊ.

ಫೋನ್ ಬೇಡ, ಕಾಗದ ಬರಿ ಎಂದು ನೀನು ಅಪ್ಪಣೆ ಮಾಡಿದೆ. ನಾನು ಫೋನಿನಲ್ಲಿ ಕ್ಷೇಮ ಕೇಳಿದರೆ ಸಿಡ್ಕೋ ಬಡಾವಣೆಯಲ್ಲಿ ನಿಮ್ಮ ಕೆಳಗಿನ ಮನೆಯವರು ಜಗಳವೆಂದು ಮೆಟ್ಟಿಲು ಹತ್ತಿ ಬಂದರು, ಅದು ನನ್ನ ತಪ್ಪೇ? ಅಪ್ಪನ ನಾಟಕ ಕಂಪನಿಯಲ್ಲಿ, ಮೈಕು ಕೈಕೊಟ್ಟ ದಿನವೂ ಕಟ್ಟಕಡೆಯ ನೆಲದ ಟಿಕೆಟ್ಟಿನವನಿಗೆ ಮುಟ್ಟುವಂತೆ ಮಾತಾಡಿ ಬೆಳೆದ ಗಂಟಲು ಇದು. ನೀನೋ, ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು, ನಾನು ಮರೆತ ಮಾತನ್ನು ನನ್ನ ಕಿವಿಗೊಂದೇ ಕೇಳುವಂತೆ ಉಸುರುತ್ತಿದ್ದವಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಒಂದು ನಗಾರಿ, ಒಂದು ತಂಗಾಳಿ.

ಈಗ ಮುಖ್ಯ ಕಥೆಗೆ ಬರುತ್ತೇನೆ. ನಿನ್ನ ತಮ್ಮ ಮತ್ತೆ ರಂಗಕ್ಕೇರಿದ್ದಾನೆ. ಪಿಂಪಳಗಾಂವ್ ಬಸವಂತದಲ್ಲಿ ಉಳ್ಳಾಗಡ್ಡಿ ಚೀಲದ ವ್ಯಾಪಾರ ಮಾಡುವ ಖಂಡಪ್ಪನವರು ಗೊತ್ತಲ್ಲ, ನಮ್ಮ ಆಳಂದದ ಕಡೆಯವರು? ಅವರೂ ಇನ್ನು ಕೆಲವರೂ ಸೇರಿ ಶರಣ ಬಳಗ ಎಂದು ಕಟ್ಟಿಕೊಂಡಿದ್ದಾರೆ. ನಿಫಾಡದ ಆಚೆ ಹಿವರೆವಸ್ತಿ ಎಂಬ ಹಳ್ಳಿ. ಅಲ್ಲಿ ಮಹಾದೇವ ಗುಡಿಯ ಮಂಟಪದಲ್ಲಿ ತಿಂಗಳ ಎರಡನೇ ಭಾನುವಾರ ದವಾಖಾನೆ ನಡೆಸುತ್ತಾರೆ. ಮೊದಲು ಲಿಂಗಪೂಜೆ, ಆಮೇಲೆ ರೋಗಿಗಳು, ಕೊನೆಗೆ ಎಲ್ಲರಿಗೂ ಊಟ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ದುಡಿಯುವವರಲ್ಲಿ ಬಹಳ ಜನ ನಮ್ಮವರು. ಮರಾಠಿ ಡಾಕ್ಟರಿಗೆ ಎಲ್ಲಿ ನೋವು ಎಂದು ತೋರಿಸಬಲ್ಲರು, ಹೇಗೆ ನೋವು ಎಂದು ಹೇಳಲಾರರು.

ಭಾನುವಾರ, ಸೈನಿಕರ ಸಮವಸ್ತ್ರಕ್ಕೆ ಬಿಲ್ಲೆ ಹೊಲಿಯುವ ನನ್ನ ಅಂಗಡಿಗೆ ಬೀಗ ಜಡಿದು ಹೋದೆ. ಖಂಡಪ್ಪನವರು ಚೀಟಿಗಳ ಕಟ್ಟು ಕೊಟ್ಟು, "ಶಿವರಾಯರ, ನೀವು ಬರೀ ಹೆಸರು ಕರೀರಿ, ಅಷ್ಟೇ ಸಾಕು" ಅಂದರು. ಬರೀ ಹೆಸರು ಕರೆಯಲು ನಾನೇನು ಹಾಜರಿ ಹಾಕುವ ಮಾಸ್ತರನೇ? ಎದೆ ತುಂಬ ಉಸಿರು ತುಂಬಿ, "ಅಫಜಲಪುರದ ಬಿಸಿಲಲ್ಲಿ ಬೆಂದು, ನಿಫಾಡದ ಚಳಿಯಲ್ಲಿ ನಡುಗಿ, ಎಡ ಮೊಣಕಾಲಿನ ನೋವನ್ನು ಗಂಡನಿಗೂ ಹೇಳದೆ ಸಹಿಸಿದ ವೀರನಾರಿ ಲಕ್ಷ್ಮವ್ವ ದಯಮಾಡಿಸಬೇಕು" ಎಂದು ಕರೆದೆ.

ಆಕೆ ಬಂದಳು. ಸೆರಗು ಹಲ್ಲಿಗೆ ಕಚ್ಚಿಕೊಂಡು ನಕ್ಕು, "ಗಂಡಗ ಹೇಳಿಲ್ಲ ಅಂತ ನಿಮ್ಮ ಕಿವ್ಯಾಗ ಹೇಳಿದ್ದೆ ಮಾವಾರ. ನೀವು ಸೀಮಿಗೇ ಹೇಳಿದ್ರಿ" ಅಂದಳು. ಮಂಟಪವೆಲ್ಲ ನಕ್ಕಿತು. ಎಷ್ಟು ವರ್ಷವಾಯಿತು ಅಕ್ಕಾ, ಜನ ನನ್ನ ಮಾತಿಗೆ ಹಾಗೆ ನಕ್ಕು.

ಮುಂದಿನ ತಿಂಗಳು ಕಣ್ಣಿನ ಡಾಕ್ಟರು ಬರುತ್ತಾರೆ. ಅಂದು ಮೈಕೂ ಇರುತ್ತದಂತೆ.

ನಿನ್ನ ಶಿವರಾಯ


ಸಂಭಾಜಿನಗರ
೨೧ ನವೆಂಬರ್ ೨೦೨೪

ಶಿವ್ಯಾ,

ಕಾಗದ ಬಂದು ವಾರವಾಯಿತು. ಓದಿ ಮುಗಿಸಲು ತಡವಾಯಿತು. ನಿನ್ನ ಅಕ್ಷರ ಇರುವೆ ಸಾಲು ಹೊರಟ ಹಾಗಿದೆ. ದೊಡ್ಡದಾಗಿ ಬರಿ, ಸಾಲು ಬಿಟ್ಟು ಬರಿ, ನೀಲಿ ಬೇಡ, ಕಪ್ಪು ಮಸಿಯಲ್ಲಿ ಬರಿ. ಮೊಮ್ಮಗಳು ರಂಜನಿಗೆ ಕನ್ನಡ ಕಿವಿಗೆ ಮಾತ್ರ, ಕಣ್ಣಿಗಿಲ್ಲ. ಇಲ್ಲದಿದ್ದರೆ ಅವಳಿಂದ ಓದಿಸುತ್ತಿದ್ದೆ, ಅಭ್ಯಾಸವಾಗಲಿ ಎಂದು.

ಒಬ್ಬರ ಮೊಣಕಾಲು ಹತ್ತು ಜನರ ಬಾಯಲ್ಲಿ ಕುಂಟಬಾರದು. ಆ ಹೆಣ್ಣುಮಗಳು ನಕ್ಕದ್ದು ಮರ್ಯಾದೆಗೆ. ಮುಂದಿನ ಸಲ ಬರೀ ಹೆಸರು ಕರಿ.

ನಾನು ಆರಾಮ. ಮಗ ಅಂಬರೀಶನಿಗೆ ಕಾರ್ಖಾನೆಯಲ್ಲಿ ಪಾಳಿ ಬದಲಾಗಿದೆ. ಸೊಸೆ ಲತಾ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೇ ಥರದವು ತಂದಿಟ್ಟಿದ್ದಾಳೆ, ಹೀಗಾಗಿ ಮೊನ್ನೆ ಮಗನ ಚಹಾಕ್ಕೆ ಉಪ್ಪು ಬಿತ್ತು. ಅವನು ಪೂರಾ ಕುಡಿದು, "ಅವ್ವಾ, ಚಹಾ ಛಂದ ಆಗ್ಯಾದ" ಅಂದ. ಅಂಥ ಮಗ. ಸಂಜೆ ಗುಲಮಂಡಿ ಪೇಟೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಈಗಿನ ಗಾಡಿಗಳ ದೀಪ ನೋಡಿದ್ದೀಯಾ, ಒಡೆದು ಚೆಲ್ಲಿದ ಹಾಗೆ ಬೆಳಕು. ಯಾರು ಮಾಡುತ್ತಾರೋ ಇಂಥ ದೀಪ.

ಅಕ್ಕ
ಕುಸುಮಾವತಿ


ದೇವಳಾಲಿ ಕ್ಯಾಂಪ್
೧೦ ಡಿಸೆಂಬರ್ ೨೦೨೪

ಅಕ್ಕಾ, ಶರಣು.

ನೋಡಿಕೊ, ನಾಟಕದ ಬೋರ್ಡಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದು ಸಾಲಿಗೆ ಐದು ಪದ ಹಿಡಿಯುತ್ತಿಲ್ಲ, ಹಾಳೆ ನೀರಿನಂತೆ ಹೋಗುತ್ತಿದೆ. ವಯಸ್ಸಾದಂತೆ ನಿನಗೆ ವೈಭವ ಹಿಡಿಸುತ್ತಿರುವುದು ನನಗೆ ಸಂತೋಷ. ದೀಪದ ವಿಷಯಕ್ಕೆ ಹೇಳುವುದಾದರೆ, ನಮ್ಮ ಕ್ಯಾಂಪಿನಲ್ಲಿ ಮಿಲಿಟರಿ ಲಾರಿಗಳ ದೀಪಗಳೂ ನೆಟ್ಟಗೇ ಇವೆ. ನಿಮ್ಮೂರಿನವು ಕೆಟ್ಟಿರಬೇಕು.

ಮೊನ್ನೆಯ ಭಾನುವಾರದ ವೈಭವವನ್ನು ಏನೆಂದು ಬಣ್ಣಿಸಲಿ. ಕಣ್ಣಿನ ಡಾಕ್ಟರು ಬಂದಿದ್ದರು. ಶರ್ವಾಣಿ ಅಂತ ಹೆಸರು, ಬೀದರಿನ ಹುಡುಗಿ, ನಾಸಿಕದ ಆಸ್ಪತ್ರೆಯೊಂದರಲ್ಲಿ ಕೆಲಸ. ಅಜ್ಜಿಯಂದಿರ ಗದ್ದ ಹಿಡಿದು, "ಯವ್ವಾ, ಮ್ಯಾಲೆ ನೋಡು, ಈಗ ನನ್ನ ಕಿವಿ ನೋಡು" ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಾಳೆ. ಒಂದು ಟೆಂಪೋ ತುಂಬುವಷ್ಟು ಹೆಂಗಸರಿಗೆ ಕಣ್ಣಲ್ಲಿ ಪೊರೆ ಬಂದಿದೆ ಎಂದಳು. ಮೊಣಕಾಲಿನ ಲಕ್ಷ್ಮವ್ವನಿಗೂ. ಆಪರೇಷನ್ ಪುಕ್ಕಟೆ. ಶನಿವಾರ ಬಳಗದ ಟೆಂಪೋದಲ್ಲಿ ನಾಸಿಕಕ್ಕೆ ಹೋಗುವುದು, ಮರುದಿನ ಬರುವುದು.

ಆಸ್ಪತ್ರೆಯವರ ಸೂಚನೆಯ ಹಾಳೆಯನ್ನು ಖಂಡಪ್ಪನವರು ನನಗೆ ಕೊಟ್ಟರು. ಮೈಕು ನನ್ನ ಕೈಯಲ್ಲಿ. ಗುಡಿಯ ಮೇಲಿನ ಭೋಂಗಾ, ಅದೇ ಧ್ವನಿವರ್ಧಕದ ತುತ್ತೂರಿ, ಸುತ್ತಲಿನ ತೋಟಗಳ ಕಡೆಗೆ ಮುಖ ಮಾಡಿತ್ತು. ಹಾಳೆಯಲ್ಲಿ ಮರಾಠಿಯಲ್ಲಿ ಒಣಒಣ ಎರಡು ಸಾಲು ಇದ್ದುದನ್ನು ನಾನು ಕನ್ನಡದಲ್ಲಿ ಜೀವ ತುಂಬಿ ಹೇಳಿದೆ. "ತಾಯಂದಿರಾ, ಬೆಳಕನ್ನು ಬೇಡಿ ಹೊರಟವರೇ, ಕೇಳಿರಿ. ತಲೆ ತೊಳೆದು ಬನ್ನಿ. ಬೆಳಗಿನಿಂದ ಏನನ್ನೂ ತಿನ್ನದೆ ಬನ್ನಿ. ಮತ್ತು ಕೊರಳನ್ನು ಬರಿದು ಮಾಡಿಕೊಂಡು ಬನ್ನಿ. ಕೊರಳಲ್ಲಿ ಒಂದೆಳೆ ದಾರವೂ ಉಳಿಯಕೂಡದು."

ಸಭೆ ಸ್ತಬ್ಧವಾಯಿತು. ಗಂಟೆಯ ಸರಪಳಿಯ ಮೇಲೆ ಕೂತ ಗುಬ್ಬಿ ರೆಕ್ಕೆ ಮುಚ್ಚಿದ ಸದ್ದು ಕೇಳಿಸಿತು. ಅಂಥ ಮೌನ ನನಗೆ ರಾಜನ ಪಾತ್ರದಲ್ಲಿ ಸಾಯುವಾಗ ಮಾತ್ರ ಸಿಕ್ಕಿತ್ತು. ಕೆಲವು ಹೆಂಗಸರು ಊಟಕ್ಕೂ ನಿಲ್ಲದೆ ಹೊರಟುಹೋದರು. ಪಾಪ, ಶನಿವಾರದ ತಯಾರಿಗೆ ಎಷ್ಟು ಅವಸರ.

ನಿನ್ನ ಶಿವರಾಯ


ಸಂಭಾಜಿನಗರ
೧೭ ಡಿಸೆಂಬರ್ ೨೦೨೪

ಶಿವ್ಯಾ,

ಅದು ಮೆಚ್ಚಿದ ಮೌನವಲ್ಲ.

ನೀನು ಯಾರಿಗೆ ಏನು ಹೇಳಿದೆ ಎಂಬುದು ನಿನಗೆ ಇನ್ನೂ ಹೊಳೆದಿಲ್ಲ. ಆ ಹೆಂಗಸರ ಕೊರಳಲ್ಲಿ ಏನಿರುತ್ತದೆ? ನಿನ್ನ ಕೊರಳಲ್ಲಿ ಏನಿದೆ, ಅಂಗಿಯ ಗುಂಡಿ ಬಿಚ್ಚಿ ನೋಡಿಕೊ. ಶರಣ ಬಳಗದ ದವಾಖಾನೆ, ಮಹಾದೇವನ ಗುಡಿ, ಮೊದಲು ಲಿಂಗಪೂಜೆ, ಆಮೇಲೆ ಭೋಂಗಾದಲ್ಲಿ ಲಿಂಗ ತೆಗೆದಿಟ್ಟು ಬನ್ನಿ ಎಂಬ ಡಂಗುರ. ಅಪ್ಪ ಇದ್ದಿದ್ದರೆ ನಿನ್ನ ಪಾತ್ರ ಕಿತ್ತುಕೊಂಡು ಪರದೆ ಎಳೆಯುವ ಕೆಲಸಕ್ಕೆ ಹಾಕುತ್ತಿದ್ದ.

ನನಗೆ ಗೊತ್ತಿರುವ ಒಬ್ಬಳಿದ್ದಾಳೆ ಇಲ್ಲಿ. ಅವಳಿಗೂ ಪೊರೆ. ಮಳೆಗಾಲದಲ್ಲಿ ಯಾರಿಗೂ ಹೇಳದೆ ರಿಕ್ಷಾ ಮಾಡಿಕೊಂಡು ಡಾಕ್ಟರಲ್ಲಿಗೆ ಹೋಗಿದ್ದಳು. ಅಲ್ಲಿನ ನರ್ಸ್, "ಗಳ್ಯಾತಲಂ ಸಗಳಂ ಕಾಢಾ, ಆಜಿ" ಅಂದಳಂತೆ, ಕೊರಳಿನದೆಲ್ಲ ತೆಗಿ ಅಂತ. ಎದ್ದು ಬಂದುಬಿಟ್ಟಳು. ಮಗನಿಗೆ ಹೇಳಿದರೆ ತೆಗಿ ಎನ್ನುತ್ತಾನೆ, ಹೇಳದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಈಗ ಗೋಡೆ ಮುಟ್ಟಿ ನಡೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾಳೆ. ಬರುವ ದೀಪಾವಳಿಯ ಹೊತ್ತಿಗೆ ಪೂರಾ ಕತ್ತಲಾಗಬಹುದು ಎಂದು ಡಾಕ್ಟರು ಅವಳಿಗೆ ಹೇಳಿದ್ದಾರೆ.

ಅಂಥವರಿಗೆ ನೀನು ಬರಿಗೊರಳ ಭಾಷಣ ಮಾಡಿದೆ. ಇನ್ನು ಬರೆಯಲಾರೆ.

ಕುಸುಮಾವತಿ


ದೇವಳಾಲಿ ಕ್ಯಾಂಪ್
೩೦ ಡಿಸೆಂಬರ್ ೨೦೨೪

ಅಕ್ಕಾ,

ನಿನ್ನ ಕಾಗದ ಬರುವ ಮೊದಲೇ ನನಗೆ ಉತ್ತರ ಸಿಕ್ಕಿತ್ತು. ಶನಿವಾರ ಟೆಂಪೋ ಬಂತು. ಚೆಂಡು ಹೂವಿನ ಹಾರ ಕೂಡ ಹಾಕಿಸಿದ್ದೆ ಅದಕ್ಕೆ. ಹತ್ತಿದವಳು ಒಬ್ಬಳೂ ಇಲ್ಲ. ಹಾರ ಹಾಕಿದ ಖಾಲಿ ಟೆಂಪೋದ ಮುಂದೆ ನಾನು, ಡ್ರೈವರು, ಒಂದು ಆಡು. ಆಡು ಹಾರ ತಿಂದಿತು.

ಖಂಡಪ್ಪನವರು ಕೈಮುಗಿದು, "ಶಿವರಾಯರ, ನಿಮ್ಮ ಸೇವಾ ದೊಡ್ಡದು. ಮುಂದಿನ ಸಲ ಚಹಾದ ಕಡೆ ನೋಡಿಕೊಳ್ರಿ" ಅಂದರು. ರಾಜನಿಗೆ ಚಹಾದ ಕೆಟಲ್ಲು. ಅದು ಹೋಗಲಿ. ಫೆಬ್ರುವರಿಯವರೆಗೂ ಯಾರೂ ಬರದಿದ್ದರೆ ಆಸ್ಪತ್ರೆಯವರು ಶರ್ವಾಣಿಯನ್ನು ಬೇರೆ ಹಳ್ಳಿಗೆ ಕಳಿಸುತ್ತಾರಂತೆ. ಅದು ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಲಕ್ಷ್ಮವ್ವನನ್ನು ಹುಡುಕಿಕೊಂಡು ತೋಟಕ್ಕೇ ಹೋದೆ. ಅಲ್ಲೀಗ ಗೊಂಚಲಿನ ಕಾಯಿ ವಿರಳ ಮಾಡುವ ಕಾಲ. ಸಣ್ಣ ಕತ್ತರಿ ಹಿಡಿದು, ಗೊಂಚಲಿನ ಬಡಕಲು ಕಾಯಿ ಕತ್ತರಿಸಿ ದುಂಡನೆಯದಕ್ಕೆ ಜಾಗ ಮಾಡಬೇಕು. ಆಕೆ ಬೆರಳಿನಿಂದ ತಡವಿ ಕತ್ತರಿಸುತ್ತಿದ್ದಳು. ಕಾಲ ಕೆಳಗೆ ಬಿದ್ದವುಗಳಲ್ಲಿ ಅರ್ಧ ಒಳ್ಳೆಯ ಕಾಯಿ. ಅವನ್ನು ಕೂಲಿಯವರ ಮೇಲ್ವಿಚಾರಕ ಮುಕಾದಮ ನೋಡುವ ಮೊದಲು ಪಕ್ಕದ ಹೆಂಗಸರು ಮಣ್ಣಿನಲ್ಲಿ ತುಳಿದು ಮುಚ್ಚುತ್ತಾರೆ. ಅವನಿಗೆ ಗೊತ್ತಾದ ದಿನ ಆಕೆಯ ಕೆಲಸ ಮುಗಿಯಿತು.

"ಲಕ್ಷ್ಮವ್ವಾ, ಸಿಟ್ಟಾಗೀಯೇನು" ಅಂದೆ.

"ಸಿಟ್ಟು ಯಾಕ್ರಿ ಮಾವಾರ. ನಾ ಹೊಟ್ಟ್ಯಾಗಿದ್ದಾಗ ನಮ್ಮವ್ವ ನನ್ನ ಸಲುವಾಗಿ ಬ್ಯಾರೆ ಲಿಂಗ ಕಟ್ಟಿಕೊಂಡಿದ್ದಳು. ಹುಟ್ಟಿದ ಮ್ಯಾಲೆ ಅದನ್ನ ನನಗ ಕಟ್ಟಿದಳು. ಕಣ್ಣು ತೆರೆಯೂಕಿಂತ ಮೊದಲು ಬಂದದ್ರಿ ಇದು. ಕಣ್ಣಿನ ಸಲುವಾಗಿ ಇದನ್ನ ತೆಗಿ ಅಂದ್ರ ಹ್ಯಾಂಗರಿ?"

ಬಸ್ಸಿನಲ್ಲಿ ಬರುವಾಗ ಥಟ್ಟನೆ ಒಂದು ಹಳೆಯ ದೃಶ್ಯ ಎದ್ದು ನಿಂತಿತು. ನಾನು ಬೇಡರ ದೊರೆಯ ಪಾತ್ರ ಮಾಡುತ್ತಿದ್ದೆನಲ್ಲ, ಬರಿಮೈ, ಹುಲಿಚರ್ಮದ ಬಟ್ಟೆ? ಕೊರಳಲ್ಲಿ ಲಿಂಗ ಕಂಡರೆ ಪಾತ್ರ ಕೆಡುತ್ತದೆ, ತೆಗೆದರೆ ಧರ್ಮ ಕೆಡುತ್ತದೆ ಎಂದು ಅಪ್ಪ ತಲೆ ಹಿಡಿದು ಕೂತಾಗ, ನೀನು ಏನೂ ಮಾತಾಡದೆ ನನ್ನ ಲಿಂಗವಸ್ತ್ರವನ್ನು ಎಡತೋಳಿಗೆ ಕಟ್ಟಿ ಮೇಲೆ ತೋಳಬಂದಿ ಏರಿಸಿದೆ. ನಾನು ಕತ್ತಿ ಬೀಸಿದೆ, ಬಂಡೆಯಿಂದ ಜಿಗಿದೆ, ನಾಯಕಿಯನ್ನು ಎತ್ತಿಕೊಂಡು ಓಡಿದೆ. ಒಂದು ದಿನವೂ ಗಂಟು ಜಾರಲಿಲ್ಲ.

ಶರ್ವಾಣಿಗೆ ಫೋನ್ ಮಾಡಿ ಕೇಳಿದೆ. "ತೋಳಿಗಾದ್ರ ಅಡ್ಡಿ ಇಲ್ಲರಿ. ಬಿ.ಪಿ. ಪಟ್ಟಿ ಬಲಗೈಗೆ ಹಾಕ್ತೀವಿ. ಎಡತೋಳಿನ ಮ್ಯಾಲೆ ಸ್ವಚ್ಛ ಬಟ್ಟಿ ಸುತ್ತಿದ್ರ ಮುಗೀತು. ಅಂಕಲ್, ಸ್ವಲ್ಪ ಮೆಲ್ಲಗ ಮಾತಾಡ್ರಿ, ಮುಂದ ಪೇಶಂಟ್ ಹೆದರ್ಯಾರ" ಅಂದಳು.

ಅಕ್ಕಾ, ಆ ಗಂಟು ಹೇಗೆ ಕಟ್ಟುತ್ತಿದ್ದೆ? ಅದನ್ನು ಬರೆದು ಕಳಿಸು. ಮತ್ತೆ ಆ ನಿನ್ನ ಗೆಳತಿ, ಗೋಡೆ ಮುಟ್ಟಿ ನಡೆಯುವ ಮೊಂಡು ಮುದುಕಿ, ಅವಳಿಗೂ ಹೇಳು. ನೀನು ಅವಳ ಪರವಾಗಿ ಇಷ್ಟು ಸಿಟ್ಟಾದದ್ದು ನೋಡಿ ಬಹಳ ಬೇಕಾದವಳೇ ಇರಬೇಕು ಅನಿಸಿತು.

ಶಿವರಾಯ


ಸಂಭಾಜಿನಗರ
೬ ಜನವರಿ ೨೦೨೫

ತಮ್ಮಾ,

ಬೇಕಾದವಳೇ.

ಗಂಟಿನ ವಿವರ. ಶಿವದಾರವನ್ನು ಎರಡು ಮಡಿಕೆ ಮಾಡು. ಲಿಂಗವಸ್ತ್ರ ತೋಳಿನ ಒಳಬದಿಗೆ, ಮೈಗೆ ತಾಗುವಂತೆ ಇರಬೇಕು. ಮೊದಲ ಸುತ್ತು ಸಡಿಲು, ಎರಡನೆಯದು ಬಿಗಿ. ಆಮೇಲೆ ತುದಿಯನ್ನು ಸಡಿಲು ಸುತ್ತಿನ ಕೆಳಗೆ ತೂರಿಸಿ ಮೇಲೆಳೆ. ಜನ ಎರಡೂ ಸುತ್ತು ಬಿಗಿ ಮಾಡುತ್ತಾರೆ, ಅದಕ್ಕೇ ಜಾರುತ್ತದೆ, ಇಲ್ಲವೇ ಕೈ ಜೋಮು ಹಿಡಿಯುತ್ತದೆ. ಇದನ್ನು ಬರೆಯುವಾಗ ನನ್ನ ತೋಳಿಗೆ ಒಂದು ದಾರ ನಾನೇ ಕಟ್ಟಿಕೊಂಡು ನೋಡಿದೆ. ನಿನಗೆ ಸರಿಯಾಗಿ ಹೇಳಬೇಕಲ್ಲ, ಅದಕ್ಕೆ. ಒಂದೇ ಕೈಯಿಂದ ಬಿಗಿಯಾಗುವುದಿಲ್ಲ. ಎರಡನೆಯವರು ಬೇಕು.

ನಿನಗೆ ಎಷ್ಟು ಸಲ ಕಟ್ಟಿದ್ದೆನೋ. ಇಷ್ಟು ದಿನ ಅದು ನೆನಪಾಗಲಿಲ್ಲ ನೋಡು.

ಆ ಗೆಳತಿ ಕೆಲವು ಪ್ರಶ್ನೆ ಕೇಳಿದ್ದಾಳೆ. ಆಪರೇಷನ್ ಮಾಡುವಾಗ ಎಚ್ಚರ ಇರುತ್ತದೆಯೇ? ನೋಯುತ್ತದೆಯೇ? ಎಪ್ಪತ್ತು ದಾಟಿದವರಿಗೂ ಮಾಡುತ್ತಾರೆಯೇ? ಆಮೇಲೆ ಸಣ್ಣ ಅಕ್ಷರ ಓದಲು ಬರುತ್ತದೆಯೇ? ಅವಳಿಗೆ ಓದುವ ಹುಚ್ಚು.

ಸಾಲುಗಳು ಒಂದರ ಮೇಲೊಂದು ಏರಿದ್ದರೆ ಕ್ಷಮಿಸು. ಮನೆಯಲ್ಲಿ ಬೆಳಕು ಸಾಲದು.

ಅಕ್ಕ


ದೇವಳಾಲಿ ಕ್ಯಾಂಪ್
೧೪ ಜನವರಿ ೨೦೨೫

ಅಕ್ಕಾ, ಶರಣು. ಎಳ್ಳು ಬೆಲ್ಲ ಕಾಗದದಲ್ಲಿ ಕಳಿಸಲಾರೆ, ಬಾಯಿ ಸಿಹಿ ಮಾಡಿಕೊಂಡೆ ಎಂದುಕೊ.

ಮನೆಯಲ್ಲಿ ಬೆಳಕು ಸಾಲದೇ? ಅಂಬರೀಶನಿಗೆ ಹೇಳಿ ದೊಡ್ಡ ಬಲ್ಬು ಹಾಕಿಸು. ಇಷ್ಟು ಸಣ್ಣ ವಿಷಯ.

ಗಂಟಿನ ಅಂಕ ನಗೆಪಾಟಲಾಯಿತು. ಮೊದಲು ಖಂಡಪ್ಪನವರ ತೋಳಿನ ಮೇಲೆ ಪ್ರಯೋಗ. ಅವರ ತೋಳು ಉಳ್ಳಾಗಡ್ಡಿ ಚೀಲದಷ್ಟಿದೆ. ಕಟ್ಟಿ, ಮಂಟಪದ ಮಧ್ಯೆ ನಿಲ್ಲಿಸಿ, ಚಹಾದ ಕೆಟಲ್ಲು ಪಕ್ಕಕ್ಕಿಟ್ಟು, "ನೋಡಿರಿ, ಬಿರುಗಾಳಿ ಬಂದರೂ ಸಡಿಲಾಗದು" ಎಂದೆ. ಅವರು ಕೈ ಎತ್ತಿ ಮುಗಿದರು. ಗಂಟು ಜಾರಿ ಮೊಣಕೈಗೆ ಬಂತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು.

ಲಕ್ಷ್ಮವ್ವ ಮಾತ್ರ ಹತ್ತಿರ ಬಂದು ಗಂಟನ್ನು ಮುಟ್ಟಿ ನೋಡಿದಳು. "ತೋಳಿಗಾದ್ರ ಆಗಬಹುದ್ರಿ. ಅದೂ ಮೈನೇ ಅಲ್ಲೇನು? ಆದ್ರ ನೀವು ಕಟ್ಟೂದು ಬ್ಯಾಡ. ಗಂಡಸರು ನಮ್ಮ ತೋಳು ಹಿಡದು ಕಟ್ಟೂದು ಹ್ಯಾಂಗ? ಕಟ್ಟೂದು ಬಲ್ಲ ಹೆಣಮಗಳು ಯಾರರೆ ಇದ್ರ ಕರಕೊಂಡು ಬರ್ರಿ" ಅಂದಳು. ಉಳಿದವರೂ ಹೌದೆಂದು ತಲೆಯಾಡಿಸಿದರು.

ಹೀಗಾಗಿ ರಂಗವು ನಿನ್ನನ್ನು ಕರೆಯುತ್ತಿದೆ. ಫೆಬ್ರುವರಿ ಒಂಬತ್ತಕ್ಕೆ ದವಾಖಾನೆ. ಅದೇ ಕೊನೆಯ ಅವಕಾಶ. ಬಂದು ಗಂಟು ಕಟ್ಟು, ಅವರ ಕಿವಿಯಲ್ಲಿ ಎರಡು ಮಾತು ಹೇಳು. ಇಲ್ಲಿ ಕೂಗುವವನಿದ್ದಾನೆ, ಪಿಸುಗುಟ್ಟುವವರು ಬೇಕು.

ಗೆಳತಿಯ ಪ್ರಶ್ನೆಗಳನ್ನು ಶರ್ವಾಣಿಗೆ ಕೇಳಿದೆ. ಎಚ್ಚರ ಇರುತ್ತದೆ, ನೋಯುವುದಿಲ್ಲ, ಎಪ್ಪತ್ತೇನು ತೊಂಬತ್ತಾದರೂ ಮಾಡುತ್ತಾರೆ, ಕನ್ನಡಕ ಹಾಕಿಕೊಂಡು ಪಂಚಾಂಗದ ಅಕ್ಷರವನ್ನೂ ಓದಬಹುದು. ಅವಳನ್ನೂ ಎಳೆದುಕೊಂಡು ಬಾ. ಅವಳ ಮಗ ಸೊಸೆ ಏನು ಮಾಡುತ್ತಿದ್ದಾರೆ? ಮನೆಯಲ್ಲೊಬ್ಬಳು ಗೋಡೆ ಮುಟ್ಟಿ ನಡೆಯುವುದು ಯಾರಿಗೂ ಕಾಣುವುದಿಲ್ಲವೇ? ಅವಳಿಗೊಬ್ಬ ತಮ್ಮನೇನಾದರೂ ಇದ್ದರೆ ಹೇಳು, ಬಂದು ಕಿವಿ ಹಿಂಡುತ್ತೇನೆ.

ಶಿವರಾಯ


ಸಂಭಾಜಿನಗರ
೨೩ ಜನವರಿ ೨೦೨೫

ಶಿವ್ಯಾ,

ತಮ್ಮ ಇದ್ದಾನೆ. ಒಳ್ಳೆಯವನೇ. ತನ್ನ ಗದ್ದಲದಲ್ಲಿ ಅವನಿಗೆ ಬೇರೆ ಸದ್ದು ಕೇಳುವುದಿಲ್ಲ, ಅಷ್ಟೇ.

ಏಳರಂದು ಬರುತ್ತೇನೆ. ಗೆಳತಿಯೂ ಬರುತ್ತಾಳೆ. ಅಂಬರೀಶ ಇಲ್ಲಿ ರೈಲು ಹತ್ತಿಸುತ್ತಾನೆ. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ನಿನ್ನನ್ನು ಹುಡುಕುವ ಕೆಲಸ ನನಗೆ ಕೊಡಬೇಡ. ನಿಂತಲ್ಲಿಂದ ಕೂಗು. ಅದಕ್ಕೆ ನನ್ನ ಅಪ್ಪಣೆ ಇದೆ.

ಅಕ್ಕ


ದೇವಳಾಲಿ ಕ್ಯಾಂಪ್
೨೭ ಫೆಬ್ರುವರಿ ೨೦೨೫

ಅಕ್ಕಾ,

ನಿನ್ನನ್ನು ರೈಲಿಗೆ ಕೂರಿಸಿ ಬಂದಾಗಿನಿಂದ ಈ ಕಾಗದ ಬರೆಯಬೇಕೆಂದು ಕುಳಿತುಕೊಳ್ಳುತ್ತೇನೆ, ಏಳುತ್ತೇನೆ. ನೀನು ಇಲ್ಲಿದ್ದಷ್ಟು ದಿನ ಇಬ್ಬರೂ ಊಟ, ಔಷಧ, ಹವೆ ಎಂದು ಬೇರೆ ಬೇರೆ ಮಾತಾಡಿದೆವು. ಹೇಳಬೇಕಾದದ್ದನ್ನು ಬರೆಯುತ್ತೇನೆ.

ಆ ದಿನ ಪ್ಲಾಟ್‌ಫಾರ್ಮಿನಲ್ಲಿ ಕೂಗಿದೆ. ಹಮಾಲರು, ಚಹಾದವರು, ನಾಯಿ, ಎಲ್ಲರೂ ತಿರುಗಿದರು. ನೀನು ಧ್ವನಿಯ ಕಡೆಗೆ ನಡೆದು ಬಂದೆ, ಒಂದು ಕೈ ಸ್ವಲ್ಪ ಮುಂದೆ ಚಾಚಿಕೊಂಡು. ನನ್ನೆದುರಿಗೇ ಬಂದು, ನನ್ನ ಪಕ್ಕದಲ್ಲಿದ್ದ ಹಮಾಲನ ಮುಖ ನೋಡಿ, "ಶಿವ್ಯಾ, ಭಾಳ ಸೊರಗೀಯಲ್ಲೋ" ಅಂದೆ. ಆ ಮನುಷ್ಯ ಗಾಬರಿಯಾಗಿ ಹೊಟ್ಟೆ ಮುಟ್ಟಿಕೊಂಡ.

ಉಪ್ಪಿನ ಚಹಾ, ಒಡೆದ ದೀಪ, ಇರುವೆ ಸಾಲು, ಕಪ್ಪು ಮಸಿ, ಎಲ್ಲ ಒಟ್ಟಿಗೆ ಬಂದು ನನ್ನ ಎದೆಗೆ ಗುದ್ದಿದವು. ನಾನು ದೊಡ್ಡ ಬಲ್ಬು ಹಾಕಿಸು ಎಂದು ಬರೆದಿದ್ದೆ. ಆದರೂ ಬಾಯಿಗೆ ಬಂದದ್ದು ಒಂದೇ ಮಾತು: "ಗೆಳತಿ ಎಲ್ಲಿ?"

"ಬಂದಾಳ, ನಡಿ" ಅಂದೆ ನೀನು.

ಭಾನುವಾರ ನೀನು ಹೆಂಗಸರನ್ನೆಲ್ಲ ಮಂಟಪದ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ನಾನು ಹೊರಗೆ ಕೆಟಲ್ಲು ಹಿಡಿದು ನಿಂತೆ. ಒಳಗಿನಿಂದ ಒಂದು ಸದ್ದೂ ಇಲ್ಲ. ಖಂಡಪ್ಪನವರು, "ಶಿವರಾಯರ, ಯಾಕ್ರಿ ಸುಮ್ಮನಿದ್ದೀರಿ, ಆರಾಮ ಇಲ್ಲೇನು?" ಎಂದು ಹಣೆ ಮುಟ್ಟಿ ನೋಡಿದರು. ಬಾಗಿಲು ತೆರೆದಾಗ ಲಕ್ಷ್ಮವ್ವ ಮುಂದೆ, ನೀನು ಹಿಂದೆ. ನಿನ್ನ ಕೊರಳು ಬರಿದಾಗಿತ್ತು. ಎಡತೋಳಿನ ಮೇಲೆ ಸೆರಗು ಹೊದ್ದಿದ್ದೆ.

ಶನಿವಾರ ಟೆಂಪೋ ತುಂಬಿತು. ಆಸ್ಪತ್ರೆಯಲ್ಲಿ ನಿನ್ನ ಮುಂದೆ ಹಸಿರು ಪರದೆ ಎಳೆದರು. ಈ ಸಲ ನೀನು ಒಳಗೆ, ನಾನು ಹೊರಗೆ. ಮಾತು ಹೇಳಿಕೊಡಲು ನನಗೆ ಬರುವುದಿಲ್ಲ ಅಕ್ಕಾ, ಎಂದೂ ಕಲಿಯಲಿಲ್ಲ. ಹೊರಗಿನ ಸ್ಟೂಲಿನ ಮೇಲೆ ಕೂತೆ.

ಲಕ್ಷ್ಮವ್ವನ ಸುದ್ದಿ ಕೇಳು. ನಿಮ್ಮಿಬ್ಬರ ಕಣ್ಣಿನ ಪಟ್ಟಿಯನ್ನೂ ಮರುದಿನ ಬಿಚ್ಚಿದರಲ್ಲ, ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಇಷ್ಟು ದೊಡ್ಡ ಧ್ವನಿ, ಇಷ್ಟು ಸಣ್ಣ ಮನಶ್ಯಾರೇನ್ರಿ ನೀವು" ಅಂದಳು. ನೀನು ನಕ್ಕದ್ದು ನನಗೆ ಕಂಡಿತು. ಅವಳು ಇನ್ನೆರಡು ವಾರಕ್ಕೆ ಕತ್ತರಿ ಹಿಡಿಯುತ್ತಾಳೆ, ಗೊಂಚಲು ಕೊಯ್ಯಲು. ಮುಕಾದಮನಿಗೆ ಕೊನೆಗೂ ಏನೂ ಗೊತ್ತಾಗಲಿಲ್ಲ.

ಕೋಣೆಯೊಳಗೆ ಏನು ಹೇಳಿದೆ ಅವರಿಗೆ? ಹೇಳಬೇಕೆನಿಸಿದರೆ ಹೇಳು. ಇನ್ನು ಮೇಲೆ ನಾನು ಮೆಲ್ಲಗೆ ಬರೆಯುತ್ತೇನೆ.

ಶಿವರಾಯ


ಸಂಭಾಜಿನಗರ
೧೮ ಮಾರ್ಚ್ ೨೦೨೫

ಶಿವ್ಯಾ,

ಕಣ್ಣಿಗೆ ಹನಿ ಹಾಕುವುದು ಮುಗಿಯುತ್ತ ಬಂತು. ಬರೆಯಬಹುದು ಎಂದಿದ್ದಾರೆ. ಅಂಬರೀಶ ಮೊದಲು ಕೂಗಾಡಿದ, ನನಗ್ಯಾಕ ಹೇಳಲಿಲ್ಲ ಎಂದು. ಆಗ ರಂಜನಿ, "ಪಪ್ಪಾ, ಉಪ್ಪಿನ ಚಹಾ ಕುಡದಿ, ನೀ ಯಾಕ ಹೇಳಲಿಲ್ಲ?" ಅಂದಳು, ಅಚ್ಚ ಕನ್ನಡದಲ್ಲಿ. ಲತಾ ಡಬ್ಬಿಗಳಿಗೆ ಬಣ್ಣದ ಚೀಟಿ ಅಂಟಿಸಿದ್ದಾಳೆ. ಈಗ ಅವು ಬೇಕಿಲ್ಲ, ಆದರೂ ಇರಲಿ ಎಂದಿದ್ದೇನೆ.

ಒಳಗೆ ಏನಾಯಿತು ಎಂದು ಕೇಳಿದೆ. ನಾನು ಏನೂ ದೊಡ್ಡ ಮಾತು ಆಡಲಿಲ್ಲ. ಲಕ್ಷ್ಮವ್ವನ ತೋಳಿಗೆ ಕಟ್ಟುತ್ತ, ಲಿಂಗ ಮೈಮೇಲೆ ಇದ್ದರಾಯಿತು ತಾಯಿ, ಪೂಜೆಗೆ ಕೂತಾಗ ಕೊರಳಲ್ಲೇ ಇಟ್ಟುಕೊಳ್ಳುತ್ತೇವೇನು, ಅಂಗೈಗೆ ತರುವುದಿಲ್ಲವೇ, ಹಾಗೇ ತೋಳು ಎಂದೆ. ಅವಳು ಕೇಳಿಸಿಕೊಂಡು, ನನ್ನ ಹಾಗೇ ಮೆಲ್ಲಗೆ, "ಅಕ್ಕಾರ, ನೀವು ಗಂಟು ನೋಡದೆ ಕಟ್ಟಲತ್ತೀರಿ" ಅಂದಳು.

"ರೂಢಿ ಅದ" ಎಂದೆ.

"ರೂಢಿ ಅಲ್ರಿ. ಹೊರಗ ಚಹಾ ಕೊಟ್ಟಾಗ ಕಪ್ಪಿನೊಳಗ ಬೆರಳು ಇಟ್ಟು, ಎಲ್ಲಿ ಮಟ ಅದ ಅಂತ ನೋಡಿ ಕುಡದ್ರಿ. ನಾನೂ ಹಂಗೇ ಕುಡೀತೀನಿ. ನಿಮ್ಮ ತೋಳಿಗೆ ಯಾರ್ರಿ ಕಟ್ಟವರು?"

ಕೋಣೆ ತುಂಬ ಹೆಂಗಸರು ಕಾಯುತ್ತಿದ್ದರು. ಬೇರೆಯವರ ಕಿವಿಗೆ ಹೇಳಿದ್ದನ್ನು ನಾನು ಮಾಡದಿದ್ದರೆ ಅವರು ಎದ್ದು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ನನಗೆ ಬಹಳ ದಣಿವಾಗಿತ್ತು ತಮ್ಮಾ, ಗೋಡೆ ಮುಟ್ಟಿ ಮುಟ್ಟಿ. ತೋಳು ಚಾಚಿದೆ. ಅವಳು ಕಟ್ಟಿದಳು. ಮೊದಲ ಸುತ್ತು ಸಡಿಲು, ಎರಡನೆಯದು ಬಿಗಿ ಎಂದು ನಾನು ಉಸುರುತ್ತ ಹೋದೆ. ಇಡೀ ಜನ್ಮ ಬೇರೆಯವರಿಗೆ ಮಾತು ಹೇಳಿಕೊಟ್ಟವಳು, ಅಂದು ನನಗೆ ನಾನೇ ಹೇಳಿಕೊಂಡೆ.

ನಿನ್ನ ಎಲ್ಲ ಕಾಗದಗಳನ್ನೂ ತೆಗೆದು ಮತ್ತೆ ಓದಿದೆ. ಆಡು ಹಾರ ತಿಂದದ್ದು ಓದಿ ಲತಾಗೆ ಹೇಳಿ ನಕ್ಕೆ. ಕೊನೆಯದೊಂದು ಸಪ್ಪೆ. ಪಿಸುಗುಟ್ಟುವ ಕೆಲಸ ನನ್ನದು, ಅದನ್ನು ಕದಿಯಬೇಡ. ಖಂಡಪ್ಪನವರಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ: ಬೆಳಿಗ್ಗೆ ನಿನ್ನನ್ನು ತೋಟಗಳ ನಡುವೆ ಬಿಡಬೇಕು, ಇಂದು ದವಾಖಾನೆ ಇದೆ ಎಂದು ಸೀಮೆಗೆಲ್ಲ ಕೇಳುವಂತೆ ಕೂಗಲು. ಮಂಟಪದೊಳಗೆ ಬಂದಮೇಲೆ ಕೆಟಲ್ಲು. ಅವರು, "ಅಕ್ಕಾರ, ಇದು ಮೊದಲೇ ಹೊಳೀಬೇಕಿತ್ತು ನೋಡ್ರಿ" ಅಂದರು.

ಅಕ್ಷರವನ್ನೂ ಇನ್ನು ಇರುವೆ ಸಾಲಿನಂತೆಯೇ ಬರಿ. ಹಾಳೆ ಉಳಿಯುತ್ತದೆ.

ಇನ್ನೊಂದು ಕಣ್ಣಿಗೆ ಮೇ ತಿಂಗಳಲ್ಲಿ ಬಾ ಎಂದಿದ್ದಾಳೆ ಶರ್ವಾಣಿ. ಆ ತಿಂಗಳ ದವಾಖಾನೆಯ ಭಾನುವಾರದ ಮೊದಲೇ ಬರುತ್ತೇನೆ, ಹೊಸ ಹೆಂಗಸರಿಗೆ ಕಟ್ಟುವುದಿದೆ. ಅಂಬರೀಶ ನಾನೂ ಬರುತ್ತೇನೆ ಎನ್ನುತ್ತಾನೆ, ಬೇಡ ಎಂದಿದ್ದೇನೆ. ಸ್ಟೇಷನ್ನಿಗೆ ಬಾ. ಈ ಸಲ ನೀನು ನನಗೆ ದೂರದಿಂದಲೇ ಕಾಣುತ್ತೀ. ಆದರೂ ಕೂಗು.

ಅಕ್ಕ
ಕುಸುಮಾವತಿ